ಮಹಡಿ ಕಿಟಕಿಯ ಎರಡು ಗೆರೆ

ನವೆಂಬರಿನಲ್ಲಿ ಕಂಪನಿಯ ಕಾಗದ ಬಂತು:
ತಾಮ್ರದ ತಂತಿಗೆ ಇನ್ನು ಉಸಿರಿಲ್ಲ.
ಇದೇ ನೆಲದಡಿಯ ತಾಮ್ರ ಅಗೆದು
ನನ್ನಜ್ಜ ಒಂದು ಕಿವಿ ಕಳೆದುಕೊಂಡ.
ತಾಮ್ರವನ್ನು ಕಂಬದಿಂದ ಕಂಬಕ್ಕೆಳೆದು
ನಾನು ಪಿಂಚಣಿ ಪಡೆದೆ.
ಕಂಬಗಳಿವೆ ಇನ್ನೂ, ಹಿಮದಲ್ಲಿ ಮೊಣಕಾಲವರೆಗೆ ಹೂತು,
ಯಾರಿಗೂ ಏನೂ ಹೇಳದೆ.

ಕಾಂಗಸ್ ಅಕ್ಕತಂಗಿಯರ ಮನೆಗೆ ಹೋದೆ.
ಸೈಮಾ ಏಲಕ್ಕಿ ಹಾಕಿದ ಹಿಟ್ಟು ನಾದುತ್ತಿದ್ದಳು.
"ಇದು ಸತ್ತಿದೆ, ವೆಸಾ" ಎಂದಳು ಮೊಣಕೈಯಲ್ಲಿ ಗೋಡೆ ತೋರಿಸಿ:
ಹಸಿರು ಫೋನು, ಬೆರಳಿಟ್ಟು ತಿರುಗಿಸುವ ಬಿಲ್ಲೆ,
ಭುಜಕ್ಕೂ ಕೆನ್ನೆಗೂ ನಡುವೆ ಐವತ್ತು ವರ್ಷ ಸಿಕ್ಕಿಕೊಂಡು
ಬಣ್ಣ ಮಾಸಿದ ಹಿಡಿಕೆ.
ಮಹಡಿಯಲ್ಲಿ ಲೆಂಪಿ. ಅವಳ ಬಳಿ ಮೊಬೈಲು.
ಸುಪೀರಿಯರ್ ಸರೋವರದ ಕಡೆಯ ಕಿಟಕಿಯಲ್ಲಿಟ್ಟರೆ ಎರಡು ಗೆರೆ,
ಒಂದು ಮೊಳ ಈಚೆ ಸರಿಸಿದರೆ ಸೊನ್ನೆ.
ನಡುವೆ ಹದಿನಾಲ್ಕು ಮೆಟ್ಟಿಲು, ಹನ್ನೊಂದು ಚಳಿಗಾಲ.
ಅಮ್ಮನನ್ನು ಮಣ್ಣು ಮಾಡಿದ ದಿನ
ಯಾವ ಕೀರ್ತನೆ ಹಾಡಬೇಕೆಂಬ ಮಾತಿಗೆ
ಮಾತು ಬಿಟ್ಟವರು.
ಇಬ್ಬರ ಬಟ್ಟಲೂ ಒಂದೇ ಕಪಾಟಿನಲ್ಲಿ,
ಹಿಡಿಗಳು ಮಾತ್ರ ಬೇರೆ ಬೇರೆ ದಿಕ್ಕಿಗೆ.

ನಾನು ಒಯ್ದದ್ದು ಒಂದು ಡಬ್ಬಿ,
ನಶ್ಯದ ಡಬ್ಬಿಗಿಂತ ತುಸು ದೊಡ್ಡದು.
ಮೊಬೈಲಿನ ಜೊತೆ ಗಾಳಿಯಲ್ಲೇ ಗಂಟು ಹಾಕಿಕೊಳ್ಳುತ್ತದೆ;
ಅದರ ಬಾಲವನ್ನು ಮನೆಯ ಹಳೇ ತಂತಿಗೆ ಸಿಕ್ಕಿಸಿದರೆ
ಕಿಟಕಿಗೆ ಬಂದ ಕರೆ ಕೋಣೆಕೋಣೆಗೂ ಇಳಿಯುತ್ತದೆ.
ಲೆಂಪಿ ಹೇಗೆ ಒಪ್ಪಿದಳು ಎಂದು ಕೇಳಬೇಡಿ.
ಬಾಗಿಲ ಸಂದಿಯಿಂದ ಮೊಬೈಲು ಚಾಚಿದಳು, ಅಷ್ಟೆ.

ಮೊದಲು ಹೊರಗಿನ ತಂತಿ ಕತ್ತರಿಸಬೇಕು.
ನಾನೇ ಕಟ್ಟಿದ ಗಂಟು ಅದು, ಎಪ್ಪತ್ತೊಂಬತ್ತರದ್ದು.
ಕೈ ತುಸು ತಡೆಯಿತು. ಚಳಿಗೆ, ಅಂದುಕೊಂಡೆ.

ಇನ್ನು, ಐದು ಫೋನುಗಳ ಗಂಟೆ ಬಾರಿಸುವ ಕಸುವು
ಆ ಡಬ್ಬಿಗಿಲ್ಲ. ಹಜಾರದ್ದು, ಸೌನಾ ಪಕ್ಕದ್ದು,
ಅಪ್ಪನ ಮುಚ್ಚಿದ ಕೋಣೆಯದ್ದು, ಮೂರರ ನಾಲಿಗೆ ಕಿತ್ತೆ.
ಬಿಲ್ಲೆಯ ಕಟಕಟವೂ ಅದಕ್ಕೆ ಅರ್ಥವಾಗದು.
"ಬಂದದ್ದನ್ನು ಎತ್ತಬಹುದು ಸೈಮಾ,
ನೀನಾಗಿ ಯಾರನ್ನೂ ಕರೆಯಲಾಗದು."
"ಅದೇನು ಹೊಸದಲ್ಲ ಬಿಡು" ಎಂದು
ಉಂಡೆಗಳನ್ನು ಒಲೆಯೊಳಗೆ ತಳ್ಳಿದಳು.

ಪರೀಕ್ಷೆಗೆ ಕಾಯಬೇಕಾಗಲಿಲ್ಲ.
ನಾನಿನ್ನೂ ನೆಲಮಾಳಿಗೆಯಲ್ಲಿ, ತಂತಿಗೆ ಕಿವಿಗೊಟ್ಟು ಕೂತಿದ್ದೆ,
ಗಂಟೆ ಹೊಡೆಯಿತು, ಕೆಳಗೆ ದಪ್ಪಗೆ, ಮೇಲೆ ಸಣ್ಣಗೆ.
ಇಬ್ಬರೂ ಎತ್ತಿದರು.
"ಹಲೋ" ಎಂದರು ಒಟ್ಟಿಗೆ. ಒಂದೇ ಕಂಠ,
ಕೊನೆಯಲ್ಲಿ ಅದೇ ಕೀರಲು.
ಆ ಕಡೆ ಎಣ್ಣೆ ಗಾಡಿಯ ಹುಡುಗ:
"ಯಾರು ಮಾತಾಡೋದು? ಟ್ಯಾಂಕು ತುಂಬಲಾ, ಅರ್ಧ ಸಾಕಾ?"
"ತುಂಬು."
"ಅರ್ಧ."
"ಆಮೇಲೆ ಮಾಡ್ತೀನಿ" ಎಂದು ಹುಡುಗ ಇಟ್ಟುಬಿಟ್ಟ.

ಇವರು ಇಡಲಿಲ್ಲ.

ತಂತಿಯಲ್ಲಿ ಎರಡು ಉಸಿರು.
ನಲವತ್ತು ವರ್ಷ ಈ ಊರಿನ ಗೊರಗೊರವನ್ನೆಲ್ಲ ಕೇಳಿದ್ದೇನೆ,
ನೀರು ಹೊಕ್ಕ ತಂತಿ, ಅಳಿಲು ಕಡಿದ ತಂತಿ,
ಇಂಥದ್ದನ್ನು ಕೇಳಿರಲಿಲ್ಲ.

"ತುಂಬಿಸೋಕೆ ನಿಮ್ಮಪ್ಪನ ಗಂಟೇನು?" ಎಂದಿತು ಒಂದು.
"ನಿಮ್ಮಪ್ಪನೂ ಅವನೇ" ಎಂದಿತು ಇನ್ನೊಂದು.
ಮತ್ತೆ ಉಸಿರು. ಆಮೇಲೆ, ತೀರಾ ಮೆಲ್ಲಗೆ:
"ಆ ಕೀರ್ತನೆಗೆ ನಾಲ್ಕೇ ಚರಣ."
"ಐದು."
"ನಾಲ್ಕು. ಹಾಡಿ ತೋರಿಸಲಾ?"

ಮೂರನೆಯ ಉಸಿರು ಕೇಳೀತೆಂದು
ನಾನು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡೆ.
ಮೇಲೆ ಅಡುಗೆಮನೆಯಿಂದ ಏಲಕ್ಕಿ ಸೀಯುವ ವಾಸನೆ,
ಮೊದಲು ಸಿಹಿಯಾಗಿ, ಆಮೇಲೆ ಕಹಿಯಾಗಿ.
ಯಾರಾದರೂ ಹೇಳಬೇಕಿತ್ತು.
ಹೇಳಿದರೆ, ನಾನೂ ಲೈನಿನಲ್ಲಿದ್ದೇನೆಂದು ತಿಳಿದುಬಿಡುತ್ತಿತ್ತು.
ಎರಡನೆಯ ಚರಣ ಶುರುವಾಗಿತ್ತು.
ಸೀಯಲಿ ಎಂದು ಬಿಟ್ಟೆ.