ಹಿಂದಿರುಗುವ ನೀರು

ಮೂವತ್ತೊಂದು ವರ್ಷ ಉರಿದ ನೀಲಿ ಕುಡಿಯನ್ನು
ಆರಿಸುವಾಗ ಗೆಥಿನ್ ಒಂದು ಗಳಿಗೆ ತಡೆದ.
ಅಗ್ಗಿಷ್ಟಿಕೆಯ ಬೆನ್ನಿಗೆ ಅವಿತು ಕೂತಿದ್ದ ಹಳೇ ಬಾಯ್ಲರು.
ಮನೆ ಮಾರಿದ ಮಿಸೆಸ್ ಪ್ರೋಬರ್ಟ್
ಬೀಗದ ಕೈ ಕೊಡುತ್ತ ಹೇಳಿದ್ದಳು:
'ಅದನ್ನು ಮಾತ್ರ ಆರಲು ಬಿಡಬೇಡಿ.'
ನಂದಾದೀಪಕ್ಕೆ ಎಣ್ಣೆ ಹೊಯ್ಯುವವರ ದನಿ.
ತಿರುಗಣೆ ತಿರುಗಿತು. ಟಿಕ್ ಎಂದಿತು ತಣಿಯುವ ತಗಡು.
ಅಷ್ಟೇ.

ಅದಕ್ಕೂ ಮೊದಲು ಮೂರು ವಾರ ಜಗಳ.
ಮೊದಲು ಬಂದ ಸೂಟಿನವನು ಒಳಗೂ ಬಾರದೆ
ಹೊಸ್ತಿಲಲ್ಲೇ ನಿಂತು 'ಮೂವತ್ತೈದು ಕಿಲೋವ್ಯಾಟ್' ಅಂದ.
ಮೋನಪ್ಪನಿಗೆ ಹಿಡಿಸಿತು. 'ದೊಡ್ಡದಿರಲಿ ಮಾರಾಯ್ತಿ,
ಈ ಮರ್ಥರ್‌ನ ಚಳಿ ನಿನಗೆ ಗೊತ್ತಿಲ್ಲವಾ,
ಬೆಳಗಿನ ನಾಲ್ಕಕ್ಕೆ ಬಸ್ಸು ತೆಗೆಯುವವ ನಾನು.'

ಗೆಥಿನ್ ಬಂದವನು ಟೇಪು ಹಿಡಿದ.
ಕಿಟಕಿ ಅಳೆದ, ಕಲ್ಲುಗೋಡೆಯ ದಪ್ಪ ಅಳೆದ,
ಅಟ್ಟ ಹತ್ತಿ, ಹಾಸಿದ ಉಣ್ಣೆಯೊಳಗೆ ಬೆರಳು ತೂರಿ ನೋಡಿದ,
ಬಿಸ್ಕತ್ತಿನ ಪೊಟ್ಟಣದ ಬೆನ್ನಿಗೆ ಕೂಡಿಸಿದ: 'ಎಂಟು.
ಕೊರೆವ ಜನವರಿಗೂ ಎಂಟು ಸಾಕು. ಹನ್ನೆರಡರದು ಹಾಕೋಣ.
ಬಿಸಿನೀರಿನ ಸಿಲಿಂಡರು ಹಾಗೇ ಇರಲಿ, ಗಟ್ಟಿಯಿದೆ,
ಮೇಲೆ ಟವೆಲ್ಲೂ ಒಣಗುತ್ತದೆ.'
ಅವನ ಇಂಗ್ಲಿಷಿನೊಳಗೆ ವೆಲ್ಷ್‌ನ ಏರಿಳಿತ;
ನನ್ನ ಕಿವಿಗೆ ಮಾತ್ರ ಅದು
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದೇ ಕೇಳಿತು.

ರೇಡಿಯೇಟರು ಕಳಚಿ ಹಿತ್ತಲಲ್ಲಿ ಬಗ್ಗಿಸಿದರೆ
ಕಪ್ಪು. ಮಸಿಯಂಥ ಕಪ್ಪು.
'ಕಲ್ಲಿದ್ದಲಾ?' ಅಂದೆ. ಗೆಥಿನ್‌ನ ಮಗಳು ಕಾರಿಸ್,
ಹತ್ತೊಂಬತ್ತರ ಶಿಷ್ಯೆ, ನಕ್ಕಳು:
'ಅದು ಮುಗಿದ ಕಥೆ. ಇದು ತುಕ್ಕು.
ಕಬ್ಬಿಣ ತನ್ನನ್ನೇ ಒಳಗೊಳಗೆ ತಿಂದದ್ದು.'
ಅಯಸ್ಕಾಂತ ಅದ್ದಿ ಎತ್ತಿದಳು.
ಕರಡಿಮರಿಯ ಹಾಗೆ ಮೈತುಂಬ ರೋಮ ಎದ್ದಿತ್ತು.

ಹಳತು ಸುಟ್ಟದ್ದನ್ನು ಬಿಸಿಬಿಸಿಯಾಗೇ
ಆಕಾಶಕ್ಕೆ ಉಗುಳುತ್ತಿತ್ತು.
ಹೊಸತು ಹಾಗಲ್ಲ.
ಹೊರಟ ಹಬೆಯನ್ನು ಬಾಗಿಲಲ್ಲೇ ತಡೆದು ಜೇಬು ತಡವುತ್ತದೆ:
ಏನಾದರೂ ಉಳಿದಿದೆಯಾ, ಕೊಟ್ಟು ಹೋಗು.
ಹಬೆ ಹನಿಯಾಗುತ್ತದೆ, ಆಗುವಾಗ
ಅಡಗಿಸಿಟ್ಟ ಕಾವು ಬಿಟ್ಟುಕೊಡುತ್ತದೆ.
ಒಂದೇ ಕರಾರು:
ಮನೆಯೆಲ್ಲ ಸುತ್ತಿ ಹಿಂದಿರುಗುವ ನೀರು
ತಣಿದು ಬರಬೇಕು.
ಕುದಿಯುತ್ತಲೇ ಮರಳಿದರೆ ಆ ಜೇಬು ಬಿಚ್ಚುವುದಿಲ್ಲ.

ಮೂಗುದ್ದದ ಯಂತ್ರವನ್ನು ಹೊಗೆಗೊಳವೆಗೆ ತೂರಿ
ಕಾರಿಸ್ ಅಂಕಿ ಓದಿದಳು. ಅಪ್ಪ ಬೇಕೆಂದೇ
ಬೇರೆಲ್ಲೋ ನೋಡುತ್ತಿದ್ದ.
ಪುಸ್ತಕದಲ್ಲಿ ಅಂಕಿ ಅವಳದು, ಸಹಿ ಅವನದು.
ಸಿಂಕಿನ ಕೆಳಗೆ ಬಿಳಿ ಕೊಳವೆಯಲ್ಲಿ ತೊಟ, ತೊಟ.
'ಕುಡೀಬೇಡಿ,' ಅಂದಳು, 'ಟೊಮೆಟೊದಷ್ಟು ಹುಳಿ.'
ಅಂದು ರಾತ್ರಿ ಸಾರು ಮಾಡಿದೆ.

ಮೋನಪ್ಪ ರೇಡಿಯೇಟರಿಗೆ ಅಂಗೈ ಒತ್ತಿ
'ಕೆಟ್ಟಿದೆ,' ಅಂದ. 'ಸುಡುತ್ತಲೇ ಇಲ್ಲ ಇದು.
ಜ್ವರ ಬಿಟ್ಟ ಮಗುವಿನ ಹಣೆಯ ಹಾಗಿದೆ.'
ಐವತ್ತನ್ನು ಎಂಬತ್ತಕ್ಕೆ ತಿರುಗಿಸಲು ಹೋದ.
ಕೈಗೆ ಒಂದು ಕೊಟ್ಟೆ.
ಎರಡನೇ ದಿನ ಮುನಿಸು. ಮೂರನೇ ದಿನ
ಬಸ್ಸು ಡಿಪೋ ಸೇರಿಸಿ ಬಂದವ ಕೋಟು ಬಿಚ್ಚಿದ,
ಸ್ವೆಟರು ಬಿಚ್ಚಿದ, ಗೋಡೆಗೆ ಬೆನ್ನು ಕೊಟ್ಟು ಕೂತ,
ಬಾಯ್ಲರಿನ ಸುದ್ದಿ ಎತ್ತಲಿಲ್ಲ.
ಸಾರು ಮಾತ್ರ ಎರಡು ಸಲ ಹಾಕಿಸಿಕೊಂಡ.

ಬೆಳಿಗ್ಗೆ ಹಿಮ. ಅಡುಗೆಮನೆಯ ಗೋಡೆಯಿಂದ ಬಿಳಿ ಹಬೆ,
ಕೈಯೊಡ್ಡಿ ನಿಲ್ಲುವಷ್ಟು ಸೌಮ್ಯ.
ಮೇಲೆ ಚಿಮಣಿಯ ಬಾಯಿಗೆ ದಿನಾ ಬರುವ ಜ್ಯಾಕ್‌ಡಾ ಜೋಡಿ,
ಬೂದುಗತ್ತಿನ ಪುಟ್ಟ ಕಾಗೆಗಳು, ಬಂದು ಕೂತವು.
ಒಂದು ಕಾಲೆತ್ತಿದವು. ಬಗ್ಗಿ ಒಳಗಿಣುಕಿದವು.
ಒಂದನ್ನೊಂದು ನೋಡಿ
ಪಕ್ಕದ ಮನೆಯ ಚಿಮಣಿಗೆ ಹಾರಿದವು.
ಅಲ್ಲಿ ಇನ್ನೂ ಹಳೆಯದೇ ಉರಿಯುತ್ತಿದೆ.