ಹನ್ನೊಂದು ಫ್ರೇಮು

ತಾರ್ತುವಿನ ಜನವರಿ. ಹೊರಗೆ ಮೈನಸ್ ಹದಿನೆಂಟು.
ಪ್ರಯೋಗಶಾಲೆಯ ಕಿಟಕಿಗೆ ಒಳಗಿನಿಂದಲೂ ಹಿಮದ ಪೊರೆ;
ಉಗುರಲ್ಲಿ ಕೆರೆದರೆ ಕೆಳಗೆ ಎಮಯೊಗಿ ನದಿ,
ಬಿಳಿ ಹೊದ್ದು ಮಲಗಿದೆ. ಸತ್ತಿಲ್ಲ.

ಮೇಜಿನ ಮೇಲೆ ಎರಡು ಕಂಪ್ಯೂಟರು, ನಡುವೆ ಒಂದು ಪೆಟ್ಟಿಗೆ.
ಪೆಟ್ಟಿಗೆಯ ಕೆಲಸ ಕೆಟ್ಟ ದಾರಿಯಾಗುವುದು:
ನೂರರಲ್ಲಿ ಎರಡು ಪ್ಯಾಕೆಟ್ಟು ನುಂಗು,
ಉಳಿದದ್ದನ್ನು ಎಂಬತ್ತು ಮಿಲಿಸೆಕೆಂಡು ತಡೆದು ಬಿಡು.
ನಾನೇ ಬರೆದ ಆಜ್ಞೆ. ನುಂಗುತ್ತದೆ, ನಿಯತ್ತಾಗಿ.

ಹೊತ್ತೊಯ್ಯುವವರು ಮೂವರು.
ಟಿಸಿಪಿ, ರುಜು ಹಾಕಿಸಿಕೊಳ್ಳದೆ ಬಾಗಿಲು ಬಿಡದ ಅಂಚೆಯವನು;
ಒಂದು ಕಾಗದ ಕಳೆದರೆ ಹಿಂದಿನದೆಲ್ಲ ಚೀಲದಲ್ಲೇ,
ಅದು ಸಿಗುವ ತನಕ ಇಡೀ ಬೀದಿ ಕಾಯಬೇಕು.
ಯುಡಿಪಿ, ಮೊರ ಹಿಡಿದು ತೂರುವವನು,
ಬಿದ್ದದ್ದು ಬಿತ್ತು, ಹಾರಿದ್ದು ಹಾರಿತು,
ತಿರುಗಿ ನೋಡುವ ಚಾಳಿಯಿಲ್ಲ.
ಮೂರನೆಯವನು ಕ್ವಿಕ್, ಹೊಸಬ, ಹತ್ತು ಎಳೆ ಹತ್ತು ಬೆರಳಲ್ಲಿ;
ಒಂದು ಗಂಟಾದರೆ ಇನ್ನೊಂದನ್ನು ಎಳೆಯುತ್ತಾನೆ.
ಹಿಲ್ಲರ್‌ಗೆ ಇವನ ಮೇಲೆ ಬಹಳ ಆಸೆ.

ನಾನು ಅಳೆಯುವುದು ಇಷ್ಟೆ:
ಚಿತ್ರ ಶುರುವಾಗಲು ಎಷ್ಟು ಹೊತ್ತು,
ಎಷ್ಟು ಸಲ ನಿಂತಿತು, ನಿಂತದ್ದು ಎಷ್ಟು ಸೆಕೆಂಡು.
ಆಮೇಲೆ ಮನುಷ್ಯರು ನೋಡಿ
ಒಂದರಿಂದ ಐದರೊಳಗೆ ಅಂಕ ಕೊಡಬೇಕು.

ಬಂದವರು ಹದಿನಾರು ಜನ.
ಹದಿನೈದು ವಿದ್ಯಾರ್ಥಿಗಳು, ಕಾಫಿಯ ಕೂಪನ್ನಿಗೆ.
ಹದಿನಾರನೆಯವಳು ಲೇಯ್ದಾ, ಅರವತ್ತೆಂಟು,
ಕೋಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿದವಳು,
ಹುಟ್ಟಿನಿಂದ ಕಿವಿ ಕೇಳದು.
ಪರೀಕ್ಷೆಯ ತುಣುಕಿನಲ್ಲಿರುವುದು ಅವಳ ತಂಗಿ ವೈಕೆ;
ಅಡುಗೆಮನೆಯಲ್ಲಿ ನಿಂತು, ಹಸಿರು ಟವೆಲ್ಲಿನ ಪಕ್ಕ,
ಕೈಭಾಷೆಯಲ್ಲಿ ಎರಡು ನಿಮಿಷ ನದಿಯ ಸುದ್ದಿ.

ಯುಡಿಪಿ ಒಮ್ಮೆಯೂ ನಿಲ್ಲಲಿಲ್ಲ.
ನನ್ನ ಪಟ್ಟಿಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.
ವಿದ್ಯಾರ್ಥಿಗಳು ನಾಲ್ಕು ಕೊಟ್ಟರು, ಕೆಲವರು ಐದು.
ಲೇಯ್ದಾ ಒಂದು ಕೊಟ್ಟಳು.

ತಪ್ಪು ಗುಂಡಿ ಒತ್ತಿರಬೇಕು, ಅಂದ ಹಿಲ್ಲರ್.
ಗುಂಡಿಯ ವಿಷಯ ಅವಳಿಗೆ ಹೇಳಿಕೊಡಬೇಕೇ?
ಅವಳು ನನ್ನ ತೋಳು ಹಿಡಿದು ಪರದೆಯ ಮುಂದೆ ಕೂರಿಸಿದಳು,
ಹಿಂದಕ್ಕೆ ಎಳೆದು ನಿಲ್ಲಿಸಿದಳು.
ಟವೆಲ್ಲಿನ ಹಸಿರು ವೈಕೆಯ ಮುಖದ ಮೇಲೆ ಹರಡಿತ್ತು,
ಹನ್ನೊಂದು ಫ್ರೇಮು, ಅರ್ಧ ಸೆಕೆಂಡೂ ಇಲ್ಲ.
ಕೆಳಗೆ ಕೈ ಮಾತ್ರ ನಿಚ್ಚಳ.
ಅವಳು ಪೆನ್ಸಿಲ್ ಒತ್ತಿ ಬರೆದಳು:
ಕೈ ಹೇಳಿತು, ಸೇತುವೆಯ ಕೆಳಗೆ ನಡೆ.
ತಲೆ ಅಲ್ಲಾಡಿತು, ಬೇಡ ಅಂತ.
ನಿಮ್ಮ ಪೆಟ್ಟಿಗೆ ತಲೆ ತಿಂದಿದೆ.

ಟಿಸಿಪಿಯಲ್ಲಿ ಚಿತ್ರ ನಾಲ್ಕು ಸೆಕೆಂಡು ಸಿಕ್ಕಿಬಿತ್ತು,
ವೈಕೆಯ ಕೈ ಗಾಳಿಯಲ್ಲಿ, ಹಗ್ಗಕ್ಕೆ ಹಾಕಿದ ಅಂಗಿಯ ಹಾಗೆ.
ವಿದ್ಯಾರ್ಥಿಗಳು ನಿಟ್ಟುಸಿರಿಟ್ಟು ಎರಡು ಒತ್ತಿದರು.
ಲೇಯ್ದಾ ನಾಲ್ಕು.
ಕೇಳಿದ್ದಕ್ಕೆ ಬರೆದಳು:
ಯೋಚಿಸುತ್ತಿದ್ದಾಳೆ ಅಂದುಕೊಂಡೆ. ಅವಳು ಇರುವುದೇ ಹಾಗೆ.

ಕ್ವಿಕ್‌ಗೆ ಮೂರು. ಕಾರಣ ಬರೆಯಲಿಲ್ಲ.
ಹಿಲ್ಲರ್ ಎರಡು ಸಲ ಕೇಳಿದ. ಮೂರು ಅಂದರೆ ಮೂರು.

ಸಂಜೆ ಸರಾಸರಿ ಹಾಕುವಾಗ
ಅವಳ ಒಂದು ಎಲ್ಲರ ನಾಲ್ಕರಲ್ಲಿ ಮುಳುಗಿಹೋಯಿತು.
ಗುಂಪಿಗೆ ಸೇರದ ಬಿಂದು, ತೆಗೆದುಬಿಡು, ಅಂದ ಹಿಲ್ಲರ್.
ಕೆಟ್ಟವನಲ್ಲ, ವರದಿ ಶುಕ್ರವಾರಕ್ಕೆ ಬೇಕು.
ಪಟ್ಟಿಯ ಅಂಚಿನಲ್ಲಿ ಒಂದು ಗೆರೆ ಎಳೆದೆ, ಹೊಸ ಕಾಲಂ.
ತಲೆಬರಹಕ್ಕೆ ಏನು ಬರೆಯಬೇಕೆಂದು ತೋಚಲಿಲ್ಲ.
ಖಾಲಿ ತಲೆಯ ಕೆಳಗೆ ಒಂದು, ನಾಲ್ಕು, ಮೂರು.

ನಾಲ್ಕು ಗಂಟೆಗೇ ಕತ್ತಲು. ಇಬ್ಬರೂ ದಂಡೆಗೆ ಇಳಿದೆವು.
ಸೇತುವೆಯ ಕೆಳಗೆ ಯಾರೋ ಹುಡುಗರ ಹೆಜ್ಜೆಗುರುತು.
ಲೇಯ್ದಾ ಗಲ್ಲದಲ್ಲಿ ಅತ್ತ ತೋರಿಸಿದಳು, ಹತ್ತಿರದ ದಾರಿ,
ಕಣ್ಣು ನಗುತ್ತಿತ್ತು.
ನಾನು ಕಲಿತ ನಾಲ್ಕು ಸನ್ನೆಯಲ್ಲಿ ಬೇಡವೆಂದೆ,
ದಪ್ಪ ಕೈಗವಸು, ಹುಬ್ಬಿನ ತನಕ ಟೋಪಿ.
ಅವಳ ಹುಬ್ಬು ಮೇಲೇರಿತು: ಏನು?

ಟೋಪಿ ಕಿತ್ತೆ. ಗವಸು ಹಲ್ಲಲ್ಲಿ ಕಚ್ಚಿ ಎಳೆದೆ.
ಮತ್ತೆ ಕಳಿಸಿದೆ, ನಿಧಾನ, ತಲೆ ಪೂರ್ತಿ ಅಲ್ಲಾಡಿಸಿ,
ಕಿವಿ ಉರಿಯುವಷ್ಟು ಚಳಿಯಲ್ಲಿ.

ಅವಳು ನನ್ನ ತೋಳನ್ನು ಎರಡು ಸಲ ತಟ್ಟಿದಳು.
ಬಂತು.