ತಟ್ಟಿ ಕೇಳಿದ್ದು

ಅರಸೀಕೆರೆಯ ಪೇಟೆಬೀದಿಗೆ ಕಾಲಿಟ್ಟಾಗ
ಹದಿನೆಂಟು ದಿನದ ಮೇಲೂ ಅದೇ ವಾಸನೆ:
ಇಡೀ ಬೀದಿಗೆ ಯಾರೋ ಕೊಬ್ಬರಿ ಎಣ್ಣೆ ಹಚ್ಚಿ
ತಲೆ ಬಾಚಿದ ಹಾಗೆ.

ಅಟ್ಟದ ಮೇಲೆ ಹನ್ನೊಂದು ತಿಂಗಳು ಕೂತಿದ್ದ ಕಾಯಿ,
ಇನ್ನೊಂದು ತಿಂಗಳಿಗೆ ಒಳಗೊಳಗೇ ಬಿಟ್ಟುಕೊಂಡು
ಗಡಗಡ ಅನ್ನಬೇಕಾದ ಉಂಡೆ,
ಒಟ್ಟು ಹನ್ನೆರಡು ಸಾವಿರ.
‘ಒಂದೊಂದೂ ಒಂದೊಂದು ಹಣತೆ ಆಗೋಯ್ತು’ ಅಂದರು ಗಂಗಾಂಬಿಕೆ,
ಮನೆಯ ಯಜಮಾನಿ.
ದನಿಯಲ್ಲಿ ಅಳು ಇರಲಿಲ್ಲ, ಲೆಕ್ಕ ಇತ್ತು.

ನನ್ನ ಚೀಲದಲ್ಲಿ ಸುತ್ತಿಗೆ, ಉಳಿ, ತೂಗುಗುಂಡು,
ಅಮ್ಮನ ಒಂದು ಸ್ವೆಟರ್ ಸೂಜಿ.
ಬಿರುಕು ಎಷ್ಟು ಆಳ ಅಂತ ಅಳೆಯೋಕೆ
ಅದಕ್ಕಿಂತ ಒಳ್ಳೆಯದನ್ನು ಯಾವ ಕಂಪನಿಯೂ ಮಾಡಿಲ್ಲ.

ಮೇಲೆ ನೋಡುವ ಮೊದಲು ಕೆಳಗೆ ಬಿದ್ದದ್ದನ್ನು ನೋಡು:
ಇದನ್ನು ಕಲಿಸಿದ್ದು ಗಾರೆ ಕೆಲಸದ ಜಲಾಲ್ ಸಾಬರು,
ಹಾಸನದ ಕಾಲೇಜಲ್ಲ.
ಬೂದಿಯಲ್ಲಿ ಕರಗಿ ಮುದುಡಿದ ಗಾಜಿನ ಬಾಟಲಿ,
ಪಕ್ಕದಲ್ಲೇ ಕರಗದ ಹಿತ್ತಾಳೆ ಕೊಳಗ.
ಹಾಗಾದರೆ ಏಳುನೂರು ಡಿಗ್ರಿ ದಾಟಿದೆ, ಒಂಬೈನೂರು ಮುಟ್ಟಿಲ್ಲ.
ಜ್ವರದ ಚೀಟಿಯನ್ನು ಬೆಂಕಿ ತಾನೇ ಬರೆದಿಟ್ಟು ಹೋಗಿತ್ತು.

ಹಿಂದಿನ ಅಂಕಣ ಆಮೇಲೆ ಸೇರಿಸಿದ್ದು. ತೊಲೆಯ ಬದಲು
ರೈಲ್ವೆ ಹರಾಜಿನಲ್ಲಿ ತಂದ ಹಳಿ.
‘ರೈಲು ಹೊತ್ತದ್ದು, ಕಾಯಿ ಹೊರಲ್ವಾ?’ ಅಂದಿದ್ದರಂತೆ ಮಾವ.
ಈಗ ಅದು ನಡುವಲ್ಲಿ ನಾಲ್ಕು ಬೆರಳು ಜೋಲಿದೆ,
ಜೋಳಿಗೆ ಕಟ್ಟಿದ ಸೀರೆಯ ಹಾಗೆ,
ಹಿಗ್ಗುವಾಗ ಗೋಡೆಯನ್ನೂ ಹೊರಕ್ಕೆ ದೂಡಿ.
ತೆಗೆಯಬೇಕು, ಎಂದು ಬರೆದೆ. ಅನುಮಾನವಿಲ್ಲ.

ಮುಂದಿನ ಅಂಕಣ ಹೊನ್ನೆ ಮರದ್ದು.
ಒಣಗಿ ಸೀಳಿದ ಕೆರೆಯಂಗಳವನ್ನು
ತಲೆಕೆಳಗಾಗಿ ನೇತುಹಾಕಿದಂಥ ಕಪ್ಪು.
‘ಇದನ್ನ ಮೊದಲು ಇಳಿಸಿ, ನೋಡೋಕಾಗಲ್ಲ’ ಅಂದರು ಎಲ್ಲರೂ.
ಏಣಿ ಹತ್ತಿ ಇದ್ದಿಲು ಕೆರೆದೆ.
ಒಂದು ಬೆರಳು. ಒಂದೂಕಾಲು.
ಆಮೇಲೆ ಹಳದಿ.
ಬೆವರಿದ ಕೈಗೆ ಅಂಟುವ ಹೊನ್ನೆಯ ಹಳದಿ, ನಿನ್ನೆ ಕೊಯ್ದ ಹಾಗೆ.
ಸುತ್ತಿಗೆಯಿಂದ ತಟ್ಟಿದೆ, ಕಿವಿಯಿಟ್ಟು.
ಬಾಗಿಲು ಬಡಿದರೆ ಒಳಗಿಂದ
‘ಹ್ಞಾಂ, ಬಂದೆ’ ಅನ್ನುತ್ತಾರಲ್ಲ,
ಅಂಥ ಸದ್ದು.

ಪಡಸಾಲೆಯಲ್ಲಿ ಕಲ್ಲುಕಂಬ ನಾಲ್ಕು. ಮೂರು ಸರಿಯಾಗಿವೆ.
ನಾಲ್ಕನೆಯದರೊಳಗೆ ಸೂಜಿ ಮೂರಿಂಚು ಇಳಿಯಿತು.
‘ಬೆಂಕಿಗೇ ಅಲ್ವಾ ಮೇಡಂ, ಸೀಳಿದ್ದು?’
ಎದುರು ಮನೆಯ ತೋಂಟೇಶ. ಎಡಗೈಗೆ ಇನ್ನೂ ಬ್ಯಾಂಡೇಜು.
ಯಾಕೆ ಕೇಳಿದ ಅಂತ ಅವನಿಗೂ ಗೊತ್ತಿತ್ತು.
ಕೆಂಡದಂತೆ ಕಾದ ಕಲ್ಲಿಗೆ ಒಂದೇ ಕಡೆಯಿಂದ
ಕೊಡದ ಮೇಲೆ ಕೊಡ ಬೋರಿನ ತಣ್ಣೀರು.
ಜಲಾಲ್ ಸಾಬರು ಕೆಮ್ಮಿದರು. ಗಂಗಾಂಬಿಕೆ ಸೂರು ನೋಡಿದರು.

‘ನೀರಿಗೆ ಸೀಳಿದ್ದು’ ಅಂದೆ.
ಅವನ ಮುಖ ಬಿತ್ತು. ಏಣಿ ತೋರಿಸಿದೆ:
‘ಹತ್ತು. ಅಲ್ಲಿ ನಾನು ಕೆರೆದ ಕಡೆ ಬೆರಳಿಟ್ಟು ನೋಡು.
ಒಂದೂಕಾಲು ಬೆರಳಿಗೆ ಬೆಂಕಿ ನಿಂತದ್ದೂ
ಅದೇ ನೀರಿಗೆ.’
ಎರಡನ್ನೂ ವರದಿಯಲ್ಲಿ ಬರೆದೆ. ಕಾರಣ ಎಂಬ ಕಾಲಮ್ಮಿನಲ್ಲಿ
ಎರಡು ಸಲ ಒಂದೇ ಪದ.

‘ಕಂಬಕ್ಕೆ ಪಟ್ಟಾ ಹಾಕಾಣ,’ ಜಲಾಲ್ ಸಾಬರಿಗೆ ಹುರುಪು,
‘ಬಂಡಿ ಗಾಲಿಗೆ ಹಾಕ್ತಿದ್ವಲ್ಲ, ಕಾಯಿಸಿ ತೊಡಿಸಿ
ನೀರು ಹುಯ್ದರೆ ಕಚ್ಕೊಂಡು ಬಿಗೀತದೆ.’
ಬೇಡ ಅಂದೆ. ತಣ್ಣಗಿನ ಪಟ್ಟಿ, ಬೋಲ್ಟು.
ಈ ಕಲ್ಲಿಗೆ ಮತ್ತೆ ಶಾಖ ತೋರಿಸಬಾರದು.
ಸಾಬರು ಮುನಿಸಿಕೊಂಡು ಬೀಡಿ ಹೊತ್ತಿಸಿದರು,
ಎಲ್ಲರೂ ಒಟ್ಟಿಗೆ ನೋಡಿದೆವು,
ಹೊರಗೆ ಹೋಗಿ ಸೇದಿದರು.

ವಾಪಸು ರೈಲಿನಲ್ಲಿ ಟಿಕೆಟ್ ತೆಗೆಯುವಾಗ
ಎದುರು ಸೀಟಿನಾಕೆ ನನ್ನ ಬೆರಳು ನೋಡಿದರು.
‘ಅರಿಶಿನ. ಮದುವೆ ಮನೆಯಿಂದಾ?’
‘ಅಲ್ಲ. ಹೊನ್ನೆ. ತೊಂಬತ್ತು ವರ್ಷದ್ದು.’
ಆಕೆ ನಂಬಲಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿ ಮೂಸಿ
ಕೊಬ್ಬರಿ, ಅಂದರು.